ನಮ್ಮಕ್ಕ ಲಂಡನ್ನಿಗೆ ಹೊತ್ತುಕೊಂಡು ಹೋದ ಇಪ್ಪತ್ತೊಂದು ಮಾತು

ನಮ್ಮಕ್ಕ ವೆಂಕಟಮ್ಮ ನಂಜನಗೂಡಿನ ಹತ್ತಿರದ ಹೆಡತಲೆ ಊರಿನಲ್ಲಿ ಮೂವತ್ತು ವರ್ಷ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕಿದವಳು. ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿಕೊಂಡು ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಮೊಗೆದು ಹಾಕುತ್ತಿದ್ದಳು. ನೀರಿನ ಬಿಸಿ ನೋಡುವುದಕ್ಕೆ ಬೆರಳು ಅದ್ದುತ್ತಿರಲಿಲ್ಲ, ಮೊಣಕೈ ಅದ್ದುತ್ತಿದ್ದಳು. ಬೆರಳು ಒಲೆ ಮುಟ್ಟಿ ಮುಟ್ಟಿ ಕಾದಿರುತ್ತೆ, ಅದರ ಮಾತು ನಂಬಬಾರದು ಅನ್ನುತ್ತಿದ್ದಳು.

ಕೂಸಿನದು ಮುಗಿದ ಮೇಲೆ ಬಾಣಂತಿಯ ಸರದಿ. ಎಣ್ಣೆ ತಿಕ್ಕಿ, ಮೈ ಕೆಂಪಾಗುವ ಹಾಗೆ ನೀರು ಹಾಕಿ, ಕೋಣೆಯಲ್ಲಿ ಮಲಗಿಸಿ, ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಕೊಟ್ಟು, ಕೊನೆಗೆ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಬೆನ್ನಿಗೆ ಕಾವು ಕೊಡಬೇಕು. ಬಾಣಂತಿ ಬೆವೆತು ನಿದ್ದೆ ಹೋಗಬೇಕು. ಆ ನಿದ್ದೆಯಿಂದ ಅವಳನ್ನು ಯಾರೂ ಎಬ್ಬಿಸಕೂಡದು. ಇದು ನಮ್ಮ ಕಡೆಯ ಕ್ರಮ. ನಮ್ಮ ಮನೆಗಳೆಲ್ಲ ಹೆಂಚಿನವು. ಹೆಂಚಿನ ಸಂದಿಯಲ್ಲಿ ಹೊಗೆಯೂ ಹೋಗುತ್ತೆ, ಗಾಳಿಯೂ ಬರುತ್ತೆ. ಅದನ್ನು ಯಾರೂ ಯೋಚನೆ ಮಾಡಿದವರಲ್ಲ. ನಾನಂತೂ ಮಾಡಿರಲಿಲ್ಲ.

ನನ್ನನ್ನು ಸಾಕಿದವಳೂ ಅವಳೇ. ನಮ್ಮವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅವಳಿಗೆ ಹದಿನಾಲ್ಕು. ನಾಲ್ಕನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟೆ. ಆಮೇಲೆ ಇಂಜಿನ್ನು, ಪಂಪ್‌ಸೆಟ್ಟಿನ ರಿಪೇರಿ ಕಲಿತು ನಂಜನಗೂಡಿನಲ್ಲಿ ಸ್ವಂತ ಷೆಡ್ಡು ಹಾಕಿದೆ. ಭಾವ ಬೆಟ್ಟಯ್ಯ ಹೋದ ಮೇಲೆ ಅಕ್ಕನ ಯಜಮಾನಿಕೆಯೂ ನನ್ನ ಕೈಗೆ ಬಂತು. ನನ್ನ ಕೋಪ ತಾಲ್ಲೂಕಿಗೇ ಗೊತ್ತು. ಒಂದು ಬೋಲ್ಟು ಸಿಗದಿದ್ದರೆ ಸ್ಪ್ಯಾನರನ್ನು ರಸ್ತೆಗೆ ಎಸೆಯುವವನು. ನನಗೆ ಅನ್ನ ಕಲಸಿ ಬಾಯಿಗಿಟ್ಟವಳು ಕಾಲ ಸರಿದಂತೆ ನನಗೇ ಹೆದರುವಂತಾದಳು. ನಾನು ಗದರಿದರೆ ಸೆರಗು ಸರಿಮಾಡಿಕೊಂಡು ಸುಮ್ಮನಾಗುವಳು. ಅದು ನನಗೆ ಒಂಥರಾ ಹೆಮ್ಮೆಯಾಗಿಯೇ ಇತ್ತು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಹೆಡತಲೆಯ ಪುಟ್ಟಬಸವಯ್ಯನವರು ನನ್ನ ಷೆಡ್ಡಿಗೆ ಬಂದರು. ದೊಡ್ಡ ಹಿಡುವಳಿದಾರರು, ಬಿಳಿ ಪಂಚೆಯ ಗಂಭೀರ ಮನುಷ್ಯರು. ಅವರ ಒಬ್ಬಳೇ ಮಗಳು ಪುಟ್ಟಮ್ಮಣ್ಣಿ ಲಂಡನ್ನಿನಲ್ಲಿದ್ದಳು. ಅಳಿಯ ಸಿದ್ದಮಲ್ಲಪ್ಪ ಅಲ್ಲೊಂದು ಕಾರ್ಖಾನೆಯಲ್ಲಿ ಇಂಜಿನಿಯರು. ಸಂಕ್ರಾಂತಿಯ ಹೊತ್ತಿಗೆ ಹೆರಿಗೆ. ಬಾಣಂತನ ಮಾಡಲು ತಾಯಿಯಿಲ್ಲ, ಆಕೆ ಹೋಗಿ ಇಪ್ಪತ್ತು ವರ್ಷ.

"ಚಿಕ್ಕಸ್ವಾಮಿ, ನಮ್ಮ ಅಣ್ಣಿ ವೆಂಕಟಮ್ಮನೇ ಬರಬೇಕು ಅಂತ ಅತ್ತು ಕಾಗದ ಬರೆದಿದಾಳೆ. ಆರು ತಿಂಗಳ ಮಾತು. ನಿಮ್ಮಕ್ಕನ್ನ ಕಳಿಸಿಕೊಡ್ತೀಯಾ?"

ಅಕ್ಕನನ್ನು ಕೇಳಿ ಹೇಳುತ್ತೇನೆ ಅಂದೆ. ಅಕ್ಕ ಮೈಸೂರನ್ನೇ ಮೂರು ಸಲ ನೋಡಿದವಳು. ಸಾಯಂಕಾಲ ಹೆಡತಲೆಗೆ ಹೋಗಿ ಕೇಳಿದರೆ, ಅವಳು ರಾಗಿ ಕೇರುತ್ತಾ ಮೊರದಿಂದ ತಲೆ ಕೂಡ ಎತ್ತಲಿಲ್ಲ.

"ಆ ಮಗೀಗೆ ಮೊದಲ್ನೇ ನೀರು ಉಯ್ದೋಳು ನಾನು. ಅವ್ವ ಇಲ್ದ ಮಗ ಕಣ್ಲಾ ಅದು. ಕರುದ್ರೆ ಓಗ್ದೆ ಇರಾಕಾಯ್ತದಾ?"

"ಲಂಡನ್ನು ಅಂದ್ರೆ ಎಲ್ಲೈತೆ ಗೊತ್ತಾ ನಿಂಗೆ?"

"ಎಲ್ಲಾರಾ ಇರ್ಲಿ. ಅಲ್ಲೂ ಕೂಸು ಉಟ್ಟದು ಒಂದೇ ದಾರೀಲಿ ತಾನೆ?"

ಅವಳಿಗೆ ಭಯವಿಲ್ಲದ ಕಡೆ ನನಗೆ ಭಯ ಹತ್ತಿತು. ನಂಜನಗೂಡಿನಲ್ಲಿ ಲಂಡನ್ ಕಂಡವರು ಒಬ್ಬರೇ, ಅನಂತಪದ್ಮನಾಭ ಮೇಷ್ಟ್ರು. ಹದಿನೇಳು ವರ್ಷದ ಹಿಂದೆ ಏನೋ ತರಬೇತಿಗೆಂದು ಹೋಗಿ ಹದಿನಾಲ್ಕು ತಿಂಗಳು ಇದ್ದು ಬಂದವರು. ಒಂದು ಉದ್ದನೆ ನೋಟ್‌ಬುಕ್ಕು ಹಿಡಿದು ಅವರ ಜಗುಲಿಗೆ ಹೋದೆ. ಮೇಷ್ಟ್ರು ನಿಧಾನಸ್ಥರು, ನಶ್ಯ ಏರಿಸಿಕೊಂಡು ಒಂದೊಂದೇ ಹೇಳಿದರು.

"ವಿಳಾಸದ ಚೀಟಿ ಸೆರಗಿನ ಗಂಟಲ್ಲಿ ಇರಲಿ. ಕಾಲುಚೀಲ ಹಾಕಿಕೊಂಡೇ ಮಲಗಲಿ. ಎಲೆಯಡಿಕೆ ಉಗಿಯೋ ಹಾಗಿಲ್ಲ, ಅದನ್ನ ಮೊದಲು ಹೇಳು. ನೀರು ಹಾಕೋದೆಲ್ಲ ತೊಟ್ಟಿಯ ಒಳಗೇ ಆಗಬೇಕು. ಬಚ್ಚಲ ನೆಲಕ್ಕೆ ಚೆಲ್ಲಿದರೆ ಕೆಳಗಿನ ಮನೆಯವರ ತಲೆ ಮೇಲೆ ಸೋರುತ್ತೆ. ನಮಗೂ ಅವರಿಗೂ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿ ಮಧ್ಯಾಹ್ನ ಎರಡೂವರೆ ಅಂದರೆ ಅಲ್ಲಿ ಬೆಳಿಗ್ಗೆ ಒಂಬತ್ತು."

"ಥಂಡಿಗೆ ಏನ್ ಮಾಡ್ಬೇಕು ಸಾ?"

"ರಾತ್ರಿ ಕಿಟಕಿ ತೆರೆದು ಮಲಗಬಾರದು, ಅಷ್ಟೆ. ಗುರುತಿಲ್ಲದವರು ಬಾಗಿಲು ತಟ್ಟಿದರೆ ಸ್ವಲ್ಪ ನೋಡಿಕೊಂಡು ತೆಗೆಯಲಿ. ಫೋನು ಬಂದರೆ, ಪಾಪ, ಭಾಷೆ ಬರಲ್ಲ, ಗಾಬರಿ ಆಗುತ್ತೆ. ಮನೆಯವರಿಗೇ ಬಿಡಲಿ."

ಎದ್ದು ಬರುವಾಗ ಇನ್ನೊಂದು ಮಾತು ಹೇಳಿದರು. "ನೋಡಯ್ಯ, ನಾನು ಕಂಡಿದ್ದು ಹಳೇ ಕಥೆ. ಏನೇ ಇದ್ದರೂ ಅಲ್ಲಿ ಇರೋವರನ್ನ ಕೇಳಿ ಮಾಡಲಿ. ಇದನ್ನೂ ಬರಕೋ."

ಅದೊಂದನ್ನು ನಾನು ಬರೆದುಕೊಳ್ಳಲಿಲ್ಲ. ಅದು ಮಾತು ಮುಗಿಸುವಾಗ ಎಲ್ಲರೂ ಹೇಳುವ ಉಪಚಾರ ಅಂದುಕೊಂಡೆ. ಉಳಿದವನ್ನು ಷೆಡ್ಡಿಗೆ ಬಂದು ನನ್ನ ರೀತಿಯಲ್ಲಿ ಬರೆದೆ. ಮೇಷ್ಟ್ರ "ಸ್ವಲ್ಪ", "ಅಷ್ಟೆ", "ಪಾಪ" ಎಲ್ಲ ಬಿದ್ದುಹೋದವು. "ಕಿಟಕಿ ತೆಗೆಯಕೂಡದು. ಬಾಗಿಲು ತೆಗೆಯಕೂಡದು. ಫೋನ್ ಮುಟ್ಟಕೂಡದು." ಹೀಗೆ ಇಪ್ಪತ್ತೊಂದು ಮಾತು.

ಅಕ್ಕನಿಗೆ ಓದು ಬರಹ ಇಲ್ಲ. ಅವಳನ್ನು ಮೂರು ದಿನ ಷೆಡ್ಡಿಗೆ ಕರೆಸಿ, ಎಣ್ಣೆ ಡಬ್ಬದ ಮೇಲೆ ಕೂರಿಸಿ, ಮಗ್ಗಿ ಒಪ್ಪಿಸುವ ಹಾಗೆ ಹೇಳಿಸಿದೆ. ತಪ್ಪಿದರೆ ಮೊದಲಿಂದ.

"ಅನ್ನೆಲ್ಡನೇದು, ಕಿಟ್ಕಿ ತಗೀಕೂಡ್ದು," ಅಂದವಳು ನಿಂತಳು. "ಲೇ ಚಿಕ್ಕ, ಕಿಟ್ಕಿ ತಗೀದೆ ಓದ್ರೆ ಸಾಂಬ್ರಾಣಿ ಒಗೆ ಎಲ್ಲಿಗೆ ಓಗದು?"

"ಹೊಗೆ ದಾರಿ ಹೊಗೆ ನೋಡ್ಕೊತದೆ. ನೀನು ಮುಂದುಕ್ಕೇಳು."

"ಅಲ್ಲ ಕಣಪ್ಪ, ಅಲ್ಲಿ ಎಂಚು ಇದ್ದದಾ ಇಲ್ವಾ ಅಂತ..."

ನಾನು ಕೈಯಲ್ಲಿದ್ದ ಸುತ್ತಿಗೆಯನ್ನು ಡಬ್ಬಕ್ಕೆ ಕುಟ್ಟಿದೆ. "ಬಾಣಂತಿಗೆ ಶೀತ ಆದ್ರೆ ಪುಟ್ಟಬಸವಯ್ಯನೋರ್ಗೆ ನೀನು ಉತ್ತರ ಹೇಳ್ತೀಯಾ? ಅನ್ನೆಲ್ಡನೇದು ಇನ್ನೊಂದ್ಸಲ ಏಳು!"

"ಕಿಟ್ಕಿ ತಗೀಕೂಡ್ದು," ಅಂದಳು, ಸೆರಗು ಸರಿಮಾಡಿಕೊಂಡು.

ಇದ್ದಲು ಮಾಡಿಕೊಟ್ಟವನೂ ನಾನೇ. ಲಂಡನ್ನಿನಲ್ಲಿ ಒಳ್ಳೆ ಇದ್ದಲು ಸಿಗುತ್ತೋ ಇಲ್ಲವೋ ಎಂದು ತೆಂಗಿನ ಚಿಪ್ಪು ಸುಟ್ಟು, ಆರಿಸಿ, ಎರಡು ಗೋಣಿಚೀಲ ತುಂಬಿ, ಮೇಲೆ ಸಾಂಬ್ರಾಣಿ ಪೊಟ್ಟಣ ಇಟ್ಟು ಹೊಲಿದೆ. ಮೈಸೂರಿನ ಒಂದು ಕುಟುಂಬ ಅದೇ ವಿಮಾನಕ್ಕೆ ಹೋಗುವವರಿದ್ದರು, ಅವರ ಜೊತೆ ಡಿಸೆಂಬರ್ ಮೊದಲ ವಾರ ಹೊರಟಳು. ಕಾಲಿಗೆ ಗಂಡಸರ ಉಣ್ಣೆ ಕಾಲುಚೀಲ, ತೋಳಲ್ಲಿ ಕಬ್ಬಿಣದ ಅಗ್ಗಿಷ್ಟಿಕೆ. ಅದನ್ನು ಪೆಟ್ಟಿಗೆಗೆ ಹಾಕಲು ಒಪ್ಪಲಿಲ್ಲ. ಬಸ್ಸಿನ ಕಿಟಕಿಯಿಂದ "ಅನ್ನೊಂದನೇದು ಯಾವ್ದಪ್ಪಾ?" ಎಂದು ಕೂಗಿ ಕೇಳಿದಳು. ನಾನೂ ಕೂಗಿ ಹೇಳಿದೆ.

ಸಂಕ್ರಾಂತಿ ದಿನವೇ ಗಂಡು ಕೂಸು ಹುಟ್ಟಿತು. ಫೆಬ್ರವರಿ ಒಂದನೇ ತಾರೀಖು ಅಳಿಯ ಸಿದ್ದಮಲ್ಲಪ್ಪನವರ ಕಾಗದ ಬಂತು, ಅಕ್ಕ ಹೇಳಿ ಬರೆಸಿದ್ದು. "ಅಳಿಯಂದ್ರು ಏಳೂವರೆಗೆ ಕೆಲಸಕ್ಕೆ ಓಗ್ತಾರೆ. ನಾನು ಒಂಬತ್ತರ ಒಳಗೆ ಇಬ್ಬರಿಗೂ ನೀರು ಆಕಿ, ಕೂಸನ್ನ ಆಚೆ ಕೋಣೆ ತೊಟ್ಲಲ್ಲಿ ಬಿಟ್ಟು, ಅಣ್ಣಿಗೆ ಕೆಂಡ ಇಟ್ಟು ಮಲಗಿಸ್ತೀನಿ. ನೀನು ಏಳಿದ್ದು ಒಂದೂ ಬಿಟ್ಟಿಲ್ಲ. ಎಲ್ಲ ಚೆಂದಾಗದೆ. ಅಣ್ಣಿಗೂ ನನಗೂ ಮೂರು ದಿನದಿಂದ ತಲೆನೋವು. ಇಲ್ಲಿ ಥಂಡಿ ಜಾಸ್ತಿ." ಕೆಳಗೆ ಅಳಿಯಂದಿರು ತಮ್ಮ ಕಡೆಯಿಂದ ಒಂದು ಸಾಲು ಸೇರಿಸಿದ್ದರು: ಹೊಗೆ ಹಾಕುವಾಗ ಕಿಟಕಿ ಸ್ವಲ್ಪ ತೆಗೆಯಿರಿ ಅಂದರೆ ನಿಮ್ಮಕ್ಕ ಕೇಳುವುದಿಲ್ಲ, ತಮ್ಮ ಬೈತಾನೆ ಅನ್ನುತ್ತಾರೆ.

ಅದನ್ನು ಓದಿ ನಾನು ನಕ್ಕೆ. ನಕ್ಕು, ಅಂದೇ ಉತ್ತರ ಬರೆದೆ. "ತಲೆನೋವು ಶೀತದ್ದು. ಎಲ್ಲೋ ಗಾಳಿ ನುಗ್ಗುತ್ತಿದೆ. ಬಾಣಂತಿ ಕೋಣೆಯ ಬಾಗಿಲ ಕೆಳಗೆ ಸಂದಿ ಇರುತ್ತೆ, ಹಳೇ ಸೀರೆ ಸುತ್ತಿ ತುರುಕು. ಕಿಟಕಿ ಅಂಚಿಗೂ ಬಟ್ಟೆ ಒತ್ತು. ಒಂದಿಷ್ಟೂ ಬಿಡಬೇಡ." ಅಂಚೆಗೆ ಹಾಕಿ ಬಂದು ಒಳ್ಳೆ ಕೆಲಸ ಮಾಡಿದೆ ಅಂದುಕೊಂಡು ಊಟ ಮಾಡಿದೆ.

ಹನ್ನೆರಡನೇ ತಾರೀಖು, ಮಂಗಳವಾರ. ಬನ್ನೂರಿನ ಹತ್ತಿರ ರಾಚಯ್ಯ ಎಂಬ ರೈತನ ಪಂಪ್ ಮನೆಗೆ ಬೆಳಿಗ್ಗೆ ಎಂಟಕ್ಕೆಲ್ಲ ಹೋದೆ. ಇಂಜಿನ್ನಿನ ಹೊಗೆಕೊಳವೆ ಮುರಿದಿದೆ, ಬೆಸುಗೆ ಹಾಕಿಕೊಡು ಎಂದು ಹೇಳಿಕಳಿಸಿದ್ದ. ಇಂಜಿನ್ನು ಓಡುತ್ತಿತ್ತು, ಬಾಗಿಲು ಮುಚ್ಚಿತ್ತು. ಚಳಿಗೆ ಮುಚ್ಚಿಕೊಂಡಿರಬೇಕು ಎಂದು ತಳ್ಳಿದರೆ, ರಾಚಯ್ಯ ಕಂಬಳಿ ಹೊದ್ದು ಗೋಡೆಗೆ ಒರಗಿಕೊಂಡೇ ವಾಲಿದ್ದ. ಕರೆದರೆ ಮಾತಿಲ್ಲ. ಎಳೆದು ಹೊರಗೆ ಹಾಕಿ, ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ನರಸೀಪುರದ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಹೋಗಿ ಗಂಟೆ ಕಳೆದ ಮೇಲೆ ಕಣ್ಣು ಬಿಟ್ಟ, ವಾಂತಿ ಮಾಡಿಕೊಂಡ.

ಡಾಕ್ಟರು ಕೈ ತೊಳೆದುಕೊಂಡು ಬಂದು ಅವನ ಹೆಂಡತಿ ಮಾದಮ್ಮನನ್ನು ಕೇಳಿದರು. "ನಾಲ್ಕೈದು ದಿನದಿಂದ ತಲೆನೋವು ಅಂತಿದ್ನಾ?"

"ಊ ಸಾಮಿ. ಥಂಡಿ ಅಂತ ಸುಮ್ಕಿದ್ದೋ."

"ಥಂಡಿ ಅಲ್ಲಮ್ಮ. ಗಾಳಿ ಆಡದ ಕಡೆ ಹೊಗೆ ಕುಡಿದಿದಾನೆ. ಇವತ್ತು ಇನ್ನೂ ಕಾಲು ಗಂಟೆ ಬಿಟ್ಟಿದ್ದರೆ ನಿದ್ದೆಯಲ್ಲೇ ಹೋಗ್ತಿದ್ದ." ನನ್ನ ಕಡೆ ತಿರುಗಿ ಅಂದರು, "ಇಂಜಿನ್ನೇ ಆಗಬೇಕಿಲ್ಲ ಕಣಯ್ಯ. ಬಾಗಿಲು ಕಿಟಕಿ ಮುಚ್ಚಿದ ರೂಮಲ್ಲಿ ಒಂದು ಅಗ್ಗಿಷ್ಟಿಕೆ ಇದ್ದಲು ಇಟ್ಟರೂ ಇಷ್ಟೇ. ಕೆಂಡ ಕೆಂಪಗೆ ಚೆನ್ನಾಗಿದೆ, ಹೊಗೆಯೇ ಇಲ್ಲ ಅಂದುಕೊಳ್ತಾರೆ. ಕಣ್ಣಿಗೆ ಕಾಣದ್ದೇ ಕೊಲ್ಲೋದು."

ಕಿಟಕಿ ತೆಗೆಯಕೂಡದು. ಬಾಗಿಲ ಸಂದಿಗೆ ಸೀರೆ ತುರುಕು. ತಲೆನೋವು ಶೀತದ್ದು. ಬೆರಳು ಮಡಿಚಿ ಎಣಿಸಿದೆ. ಫೆಬ್ರವರಿ ಒಂದಕ್ಕೆ ಹಾಕಿದ ಕಾಗದ. ಅಲ್ಲಿಂದ ಬಂದದ್ದು ಒಂಬತ್ತು ದಿನಕ್ಕೆ. ನಿನ್ನೆ ಮುಟ್ಟಿರಬೇಕು, ಇಲ್ಲ ಇವತ್ತು. ಇಷ್ಟು ದಿನ ಆ ಬಾಗಿಲ ಸಂದಿಯೇ ಅವರನ್ನು ಉಳಿಸಿತ್ತು. ಅದನ್ನೂ ಮುಚ್ಚು ಎಂದು ನಾನು ನನ್ನ ಕೈಯಾರೆ ಬರೆದು ಕಳಿಸಿದ್ದೆ.

ಗೋಡೆಯ ಗಡಿಯಾರ ಹತ್ತೂವರೆ. ಲಂಡನ್ನಿನಲ್ಲಿ ಬೆಳಿಗ್ಗೆ ಐದು. ಒಂಬತ್ತಕ್ಕೆ, ಅಂದರೆ ನಮ್ಮ ಎರಡೂವರೆಗೆ, ಅಕ್ಕ ಕೆಂಡ ಇಡುತ್ತಾಳೆ. ಫೋನ್ ನಂಬರು ಇದ್ದದ್ದು ನಂಜನಗೂಡಿನ ಷೆಡ್ಡಿನಲ್ಲಿ, ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ.

ನಂಜನಗೂಡಿನ ಬಸ್ಸು ಹೊರಟು ನಿಂತಿತ್ತು, ಓಡಿ ಹತ್ತಿದೆ. ಆ ಬಸ್ಸಿನಷ್ಟು ನಿಂತ ಬಸ್ಸನ್ನು ನಾನು ಇನ್ನೊಂದು ಕಂಡಿಲ್ಲ. ಒಂದು ಕಡೆ ಬೆಲ್ಲದ ಪಿಂಡಿ ಏರಿಸಿದರು, ಒಂದು ಕಡೆ ಕುರಿ ಇಳಿಸಿದರು. ಕಂಡಕ್ಟರ್ ನಾಗಯ್ಯನ ಜೊತೆ ಮೂರು ಸಲ ಜಗಳವಾಯಿತು.

"ಏನ್ರೀ ನಿಮ್ದು, ನಿಮ್ಮನೆ ಬಸ್ಸಾ?" ಅಂದ.

"ಲೇ, ಅಲ್ಲೊಂದು ಜೀವ ಓಯ್ತದೆ ಕಣ್ಲಾ!"

"ಎಲ್ಲಿ?"

"ಲಂಡನ್ನಲ್ಲಿ!"

ಬಸ್ಸಿನವರೆಲ್ಲ ಗೊಳ್ಳೆಂದು ನಕ್ಕರು. "ಹಂಗಾದ್ರೆ ಈ ಬಸ್ಸು ಅಲ್ಲಿಗೆ ಓಗಾಕಿಲ್ಲ, ಇಳ್ಕಳಿ," ಅಂದ ಹಿಂದಿನವನೊಬ್ಬ. ಬೇರೆ ದಿನವಾಗಿದ್ದರೆ ಅವನ ಕೊರಳಪಟ್ಟಿ ನನ್ನ ಕೈಯಲ್ಲಿರುತ್ತಿತ್ತು. ಅವತ್ತು ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ.

ಷೆಡ್ಡಿನಿಂದ ನೋಟ್‌ಬುಕ್ಕು ಕಿತ್ತುಕೊಂಡು ಅಂಚೆ ಕಚೇರಿ ಮುಟ್ಟಿದಾಗ ಹನ್ನೆರಡೂ ಕಾಲು. ಟ್ರಂಕ್ ಕಾಲಿನ ಕಿಟಕಿಯಲ್ಲಿ ರಂಗನಾಯಕ ಕೂತಿದ್ದ. ಎರಡು ತಿಂಗಳ ಹಿಂದೆ ಯಾವುದೋ ರಿಜಿಸ್ಟರ್ ಪಾರ್ಸೆಲ್ಲು ತಡವಾಯಿತೆಂದು ಇದೇ ಕಿಟಕಿಯ ಹಲಗೆ ಗುದ್ದಿ, ಇದೇ ರಂಗನಾಯಕನ ವಂಶವನ್ನೆಲ್ಲ ಎತ್ತಿ ಆಡಿ ಹೋಗಿದ್ದೆ.

ಅವನು ಕನ್ನಡಕ ಇಳಿಸಿ ನೋಡಿದ. "ಏನ್ ಸಾಹೇಬ್ರೇ, ಇವತ್ತು ಏನು ಒಡೆಯೋಕೆ ಬಂದ್ರಿ?"

"ರಂಗನಾಯಕಣ್ಣ, ಲಂಡನ್ನಿಗೆ ಒಂದು ಫೋನ್ ಮಾಡಿಕೊಡಿ. ಕೈ ಮುಗಿತೀನಿ."

ನಾನು 'ಅಣ್ಣ' ಅಂದದ್ದಕ್ಕೋ, ಕೈ ಮುಗಿದದ್ದಕ್ಕೋ, ಅವನ ಮುಖದ ಗಂಟು ಸಡಿಲವಾಯಿತು. ವಿಷಯ ಹೇಳಿದೆ. ಅವನು ಫೋನ್ ಎಳೆದುಕೊಂಡು ಮೈಸೂರು ಹಿಡಿದ. ಮೈಸೂರಿನಿಂದ ಬೆಂಗಳೂರು, ಬೆಂಗಳೂರಿನಿಂದ ಬೊಂಬಾಯಿ, ಬೊಂಬಾಯಿಯವರು ಲಂಡನ್ ಕೊಡಬೇಕು. "ಅರ್ಜೆಂಟ್ ಹಾಕಿದೀನಿ. ಎರಡು ಗಂಟೆನೂ ಆಗಬಹುದು, ನಾಲ್ಕೂ ಆಗಬಹುದು," ಅಂದ. ತಂತಿಯನ್ನೂ ಬರೆದುಕೊಟ್ಟ. ಅದು ಮುಟ್ಟುವುದು ನಾಳೆ.

ಬೆಂಚಿನ ಮೇಲೆ ಕೂತೆ, ಎದ್ದೆ, ಕೂತೆ. ಒಂದು ಗಂಟೆ ಹೊಡೆಯಿತು. ಅಲ್ಲಿ ಏಳೂವರೆ, ಅಳಿಯಂದಿರು ಈಗ ಹೊರಟರು, ಇನ್ನು ಮನೆಯಲ್ಲಿ ಹೆಂಗಸರು ಇಬ್ಬರೇ. ಒಂದೂವರೆ. ಕೂಸಿಗೆ ಎಣ್ಣೆ ತಿಕ್ಕುತ್ತಿರುತ್ತಾಳೆ. ಎರಡು. ಗ್ಯಾಸಿನ ಮೇಲೆ ಇದ್ದಲು ಇಟ್ಟು ಕೆಂಡ ಮಾಡುತ್ತಿರುತ್ತಾಳೆ, ನಾನು ಸುಟ್ಟುಕೊಟ್ಟ ಇದ್ದಲು. ಸೊಗಸಾದ ಇದ್ದಲು ಅದು, ಹೊಗೆಯೇ ಬರುತ್ತಿರಲಿಲ್ಲ.

ಎರಡೂ ಮುಕ್ಕಾಲಿಗೆ ರಂಗನಾಯಕ ಕೈ ಎತ್ತಿದ. "ಲಂಡನ್ ಸಿಕ್ಕಿದೆ, ರಿಂಗ್ ಆಗ್ತಿದೆ."

ನಾನು ಹಲಗೆ ಹಿಡಿದು ನಿಂತೆ. ಅವನು ಕಿವಿಗೊಟ್ಟು ಕೇಳಿದ, ಕೇಳಿದ. ಆಮೇಲೆ ಮೆಲ್ಲಗೆ ಅಂದ, "ನೋ ರಿಪ್ಲೈ ಅಂತಾರೆ. ಯಾರೂ ಎತ್ತುತಿಲ್ಲ."

ಹೇಗೆ ಎತ್ತುತ್ತಾರೆ? ಅಣ್ಣಿ ಕೋಣೆಯಲ್ಲಿ ಮಲಗಿದ್ದಾಳೆ. ಅಕ್ಕ ಹದಿನಾಲ್ಕನೆಯ ಮಾತು ನೆನೆಸಿಕೊಂಡು ಫೋನಿನ ಮುಂದೆಯೇ ಕೈಕಟ್ಟಿ ನಿಂತಿರುತ್ತಾಳೆ. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರೂ ತೆಗೆಯುವುದಿಲ್ಲ, ಅದು ಹದಿಮೂರನೆಯದು. ಕಿಟಕಿ, ಬಾಗಿಲು, ಫೋನು, ಮೂರಕ್ಕೂ ನಾನೇ ಬೀಗ ಜಡಿದು ಕಳಿಸಿದ್ದೆ. ಅವಳು ಇನ್ನೂ ನಿಂತಿದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ.

"ಬಿಡಬ್ಯಾಡಣ್ಣ, ಇನ್ನೊಂದ್ಸಲ."

"ಬೊಂಬಾಯಿಯೋರು ಕ್ಯಾನ್ಸಲ್ ಮಾಡ್ಲಾ ಅಂತಾವ್ರೆ."

"ಬ್ಯಾಡ ಅನ್ನಿ!"

ರಂಗನಾಯಕ ಅವತ್ತು ಬೊಂಬಾಯಿಯವರ ಹತ್ತಿರ ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಜಗಳವಾಡಿದ್ದನ್ನು ನಾನು ಮರೆಯಲಾರೆ. ಎರಡನೇ ಸಲವೂ ಇಲ್ಲ. ಮೂರನೇ ಸಲ, ಮೂರು ಗಂಟೆ ಆಗುವುದಕ್ಕೆ ಎರಡು ನಿಮಿಷ, ಅವನು ಒಮ್ಮೆಲೇ ಎದ್ದು ನಿಂತು ರಿಸೀವರನ್ನು ನನ್ನ ಕೈಗೆ ತುರುಕಿದ.

ದೂರದ ಬಾವಿಯೊಳಗಿಂದ ಬಂದ ಹಾಗೆ ಒಂದು ದನಿ. "ಯಾರಪ್ಪಾ ಅದು? ಅಂಗೆ ಬಡ್ಕಬ್ಯಾಡಿ, ಕೂಸು ಏಳ್ತದೆ."

"ಅಕ್ಕಾ! ನಾನು, ಚಿಕ್ಕ!"

ಅವಳು ಗಾಬರಿಯಲ್ಲಿ, "ಅಯ್ಯೋ, ನಾನು ಮುಟ್ತಿರ್ನಿಲ್ಲ ಕಣೋ. ಎಷ್ಟೊತ್ತಾದ್ರೂ ಬಾಯಿ ಮುಚ್ನಿಲ್ಲ, ಈಗ್ತಾನೆ ಕೂಸು ಮಲುಗ್ತು, ಅದುಕ್ಕೇ..."

"ಅದು ಬಿಡು! ಅಣ್ಣಿ ಎಲ್ಲಿ?"

"ಕೋಣೇಲಿ. ನಿದ್ದೆ ಮಾಡ್ತಾವಳೆ. ಕೆಂಡ ಮಡುಗಿ ಅರ್ಧ ಗಂಟೆ ಆಯ್ತು. ನಿನ್ ಕಾಗ್ದ ನಿನ್ನೆ ಬಂತು, ಅಣ್ಣಿ ಓದುದ್ಲು. ನೀ ಏಳ್ದಂಗೆ ಸಂದೀಗೆಲ್ಲ ಸೀರೆ..."

"ಕಿತ್ತಾಕು ಅದನ್ನ! ಬಾಗ್ಲು ತಗಿ, ಕಿಟ್ಕಿ ತಗಿ, ಕೆಂಡ ಆಚ್ಗೆ ಹಾಕು, ಅಣ್ಣಿನ ಎಬ್ಬಿಸು!"

"ಬಾಣಂತಿನ ನಿದ್ದೆಯಿಂದ ಎಬ್ರುಸ್ತಾರಾ? ನೀನೇ ಕಿಟ್ಕಿ ತಗೀಕೂಡ್ದು ಅಂದೆ, ಈಗ ತಗಿ ಅಂತೀಯಾ. ಕುಡ್ದಿದ್ದೀಯಾ?"

ನನ್ನ ಹಿಂದೆ ಸಾಲಿನಲ್ಲಿ ಏಳೆಂಟು ಜನ ನಿಂತಿದ್ದರು. ನನ್ನ ಗಿರಾಕಿಗಳೇ ಮೂವರು. ನಾನು ಕೂಗಿದೆ, "ಅಕ್ಕಾ, ನಾನು ಹೇಳಿದ್ದು ತಪ್ಪು! ನಂದು ತಪ್ಪು ಕಣಕ್ಕ! ಆ ಕೆಂಡ ಅಣ್ಣಿನ ಕೊಲ್ತದೆ. ತಲೆನೋವು ಅದ್ರಿಂದಲೇ. ನಿನ್ ಕಾಲು ಹಿಡ್ಕತೀನಿ, ಓಡು!"

ಆ ಕಡೆ ಉಸಿರು ಕೇಳಿಸಿತು. ರಿಸೀವರು ಎಲ್ಲಿಗೋ ಬಡಿಯಿತು. ಇಟ್ಟಳೋ ಬಿಟ್ಟಳೋ. ಕಾಲುಚೀಲ ಹಾಕಿದ ಕಾಲಿನ ಸದ್ದು ಕೇಳಿಸುವುದಿಲ್ಲ ಅಲ್ಲವೇ, ಏನೂ ಕೇಳಿಸಲಿಲ್ಲ. ಆಮೇಲೆ ಬಾಗಿಲು ದಡಾರ್ ಅಂತು. ತುಂಬಾ ದೂರದಲ್ಲಿ ಅಕ್ಕನ ದನಿ. "ಅಣ್ಣೀ... ಅಣ್ಣೀ... ಏಳವ್ವಾ. ಏಳು ನನ್ನವ್ವ." ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ. ಕೂಸು ಎದ್ದು ಅಳಲು ಶುರುಮಾಡಿತು. ಅಷ್ಟರಲ್ಲಿ ಕಟಕ್ಕೆಂದು ಲೈನು ಕಡಿಯಿತು. ರಂಗನಾಯಕ ಎಷ್ಟು ತಿಣುಕಿದರೂ ಮತ್ತೆ ಸಿಗಲಿಲ್ಲ. ಎಂಗೇಜ್ ಅಂದರು. ಆ ಕಡೆ ರಿಸೀವರು ತೂಗಾಡುತ್ತಲೇ ಇದ್ದಿರಬೇಕು.

ಐದು ಗಂಟೆಯ ಬಸ್ಸಿಗೆ ಹೆಡತಲೆಗೆ ಹೋದೆ. ಪುಟ್ಟಬಸವಯ್ಯನವರು ಕಣದಲ್ಲಿ ಹುರುಳಿ ಒಕ್ಕಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಇಪ್ಪತ್ತೊಂದು ಮಾತು, ಇದ್ದಲು, ಸೀರೆ ತುರುಕು ಎಂದು ಬರೆದ ಕಾಗದ, ಯಾವುದನ್ನೂ ಮುಚ್ಚಿಡಲಿಲ್ಲ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಹುರುಳಿಯ ರಾಶಿಯ ಪಕ್ಕ ಹಾಗೇ ಕೂತುಬಿಟ್ಟರು.

ಕೂತಲ್ಲಿಂದಲೇ ಕೇಳಿದರು. "ಎಬ್ಬಿಸಿದಾಗ ಅಣ್ಣಿ ದನಿ ಕೇಳಿಸ್ತಾ?"

"ಇಲ್ಲ ಬುದ್ಧಿ. ಕೂಸಿಂದು ಕೇಳುಸ್ತು."

"ಕೂಸಿಂದು ಕೇಳುಸ್ತು," ಎಂದು ತಮಗೆ ತಾವೇ ಇನ್ನೊಮ್ಮೆ ಅಂದರು.

ನನ್ನನ್ನು ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ಅಕ್ಕನ ಮನೆಯ ಬೀಗ ತೆಗೆದು ಅಲ್ಲೇ ಉಳಿದೆ. ಅವಳ ನೀರಿನ ಹಂಡೆ ಬೋರಲಾಗಿತ್ತು.

ಬುಧವಾರ ಹನ್ನೊಂದಕ್ಕೆ ತಂತಿ ಬಂತು. ತಂದವನು ಅಂಚೆಯವನಲ್ಲ, ರಂಗನಾಯಕನೇ ರಜೆ ಹಾಕಿ ಸೈಕಲ್ಲು ತುಳಿದುಕೊಂಡು ಬಂದಿದ್ದ. ದೂರದಿಂದಲೇ ಕೂಗಿದ, "ಎಲ್ಲಾ ಕ್ಷೇಮ! ತಾಯಿ ಮಗು ಕ್ಷೇಮ! ಇದ್ದಲು ಎಸೆದಿದಾರೆ!" ಪುಟ್ಟಬಸವಯ್ಯನವರು ತಂತಿಯ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ. ಆದರೆ ಒಳಗೆ ಹೋಗುವಾಗ, "ಊಟ ಮಾಡ್ಕೊಂಡು ಹೋಗೋ," ಅಂದರು. ಅಷ್ಟು ಸಾಕಾಗಿತ್ತು.

ಅಕ್ಕ ಜೂನಿನಲ್ಲಿ ಬಂದಳು. ಮೈಗೆ ಕೋಟು, ಕಾಲಿಗೆ ಅದೇ ಕಾಲುಚೀಲ, ತೋಳಲ್ಲಿ ಅದೇ ಅಗ್ಗಿಷ್ಟಿಕೆ. ಅವತ್ತು ಅಣ್ಣಿಯನ್ನು ಎಬ್ಬಿಸಲು ಕೆನ್ನೆಗೆ ನಾಲ್ಕು ಬಾರಿಸಬೇಕಾಯಿತಂತೆ. ಕೂಗಿದ ಕೂಗಿಗೆ ಕೆಳಗಿನ ಮನೆಯ ಮುದುಕಿ ಬಂದು ಬಾಗಿಲು ಬಡಿದಳಂತೆ. ಅಕ್ಕ ಬಾಗಿಲು ತೆಗೆದು, ಭಾಷೆ ಬರದೆ, ಅವಳ ಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋದಳಂತೆ. ಇಬ್ಬರೂ ಸೇರಿ ಅಣ್ಣಿಯನ್ನು ಕಿಟಕಿಯ ಹತ್ತಿರ ಕೂರಿಸಿದರಂತೆ. ಹೊರಗೆ ಹಿಮ ಬೀಳುತ್ತಿತ್ತಂತೆ. ಆಮೇಲೆ ನಾಲ್ಕು ತಿಂಗಳು ಆ ಮುದುಕಿ ಹೇಳಿದ್ದನ್ನು ಕೈಸನ್ನೆಯಲ್ಲಿ ಕೇಳಿಕೊಂಡೇ ಇವಳು ಎಲ್ಲ ಮಾಡಿದಳು. ಕಾವಿಗೆ ಬಿಸಿನೀರಿನ ರಬ್ಬರ್ ಚೀಲ ತಂದುಕೊಟ್ಟವಳೂ ಅವಳೇ.

ಇಷ್ಟನ್ನೂ ನಗುತ್ತಾ ಹೇಳಿದಳು. ನಾನು ನಗಲಿಲ್ಲ. ಎದ್ದು ಹೋಗುವವನಿದ್ದೆ, ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಅಂದಳು, "ತಲೆ ನೋಯ್ತಾನೇ ಇತ್ತು ಕಣ್ಲಾ, ಇಪ್ಪತ್ತು ದಿವ್ಸ. ಕೆಂಡದಿಂದ್ಲೇ ಏನೋ ಅಂತ ನನ್ ಮನ್ಸಿಗೆ ಬಂದಿತ್ತು. ಅಳಿಯಂದ್ರೂ ಅಂದ್ರು. ನಿಂಗೆ ಏಳಾಕೆ ಭಯ ಆಯ್ತು."

ಐದು ಸಾವಿರ ಮೈಲಿ ಆಚೆ ಇದ್ದವಳು, ಕಣ್ಣೆದುರಿನ ತಲೆನೋವಿಗಿಂತ ನನ್ನ ಸುತ್ತಿಗೆಗೆ ಹೆಚ್ಚು ಹೆದರಿದ್ದಳು. ಕೋಪ ಅವತ್ತಿಗೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತೆ. ಸ್ಪ್ಯಾನರು ಈಗಲೂ ರಸ್ತೆಗೆ ಬೀಳುತ್ತದೆ. ಆದರೆ ಅವಳ ಮೇಲೆ ಮತ್ತೆ ದನಿ ಎತ್ತಿದ್ದಿಲ್ಲ.

ಎಂಬತ್ತಾರರಲ್ಲಿ ನಂಜನಗೂಡಿನ ಅಗ್ರಹಾರದ ಜಲಜಮ್ಮನವರು ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೊರಟು, ಬುದ್ಧಿಮಾತು ಕೇಳಲು ಅಕ್ಕನನ್ನು ಹುಡುಕಿಕೊಂಡು ನನ್ನ ಷೆಡ್ಡಿಗೆ ಬಂದರು. ಅಕ್ಕ ಅದೇ ಎಣ್ಣೆ ಡಬ್ಬದ ಮೇಲೆ ಕೂತಿದ್ದಳು. ಕಾಲುಚೀಲ, ತೊಟ್ಟಿಯೊಳಗೆ ನೀರು, ವಿಳಾಸದ ಚೀಟಿ ಎಲ್ಲ ಹೇಳಿದಳು.

ಜಲಜಮ್ಮನವರು ಕೇಳಿದರು. "ಕಿಟಕಿ ವಿಷಯ ಏನು ವೆಂಕಟಮ್ಮ? ಚಳಿ ಅಂತಾರಲ್ಲ?"

ನಾನು ಬಾಯಿ ತೆರೆದೆ.

"ನೀ ಸುಮ್ಕಿರ್ಲಾ," ಅಂದಳು ಅಕ್ಕ. ಆಮೇಲೆ ಅವರ ಕಡೆ ತಿರುಗಿ, "ಅದ ಆ ಮನೆಯೋರ್ನೇ ಕೇಳಿ ಅಮ್ಮಾವ್ರೇ, ಅವರ ಮನೆ ಅವರಿಗೆ ಗೊತ್ತಿರ್ತದೆ. ಇಲ್ಲಿಂದ ಯಾರಾರಾ ಇಂಗ್ ಮಾಡಿ ಅಂಗ್ ಮಾಡಿ ಅಂತ ಕಾಗ್ದ ಬರುದ್ರೆ, ಮೊದ್ಲು ನಿಮ್ ತಲೆ ನೋಯ್ತದಾ ಅಂತ ನೋಡ್ಕಳಿ. ನೋಯ್ತಾ ಇದ್ರೆ ಆ ಕಾಗ್ದ ಮಡಚಿ ಅತ್ಲಾಗೆ ಮಡುಗಿ. ಬರ್ದೋರಿಗೆ ಬೇಜಾರಾದ್ರೆ ಆಗ್ಲಿ."

ಜಲಜಮ್ಮನವರು ನನ್ನ ಕಡೆ ನೋಡಿದರು, ಇದನ್ನು ಬರೆದುಕೊಡುತ್ತೀಯಾ ಅನ್ನುವ ಹಾಗೆ. ನಾನು ಕೈಯ ಎಣ್ಣೆ ಒರೆಸಿಕೊಂಡು, ಅವಳು ಹೇಳಿದ ಹಾಗೆಯೇ ಬರೆದುಕೊಟ್ಟೆ.